150 ಸಿಸಿ ಅವೆಂಜರ್ ಬಾಬರ್: ಏನು ಬಿಚ್ಚಿದೆ, ಏನು ಮುಟ್ಟಲಿಲ್ಲ

ಅನಗೋಳದ ಸವಾರ:

ಅಗ್ಗದಲ್ಲಿ ಬಾಬರ್ (ಬೇಡದ್ದೆಲ್ಲ ಬಿಚ್ಚಿ ಹಗುರ ಮಾಡಿದ, ಗಿಡ್ಡ ಮಡ್‌ಗಾರ್ಡಿನ ಬೈಕು) ಬೇಕು, ಯಾವ ಗಾಡಿ ತಗೊಳ್ಳಲಿ ಅಂತ ಇಲ್ಲಿ ಪದೇ ಪದೇ ಕೇಳುತ್ತಿದ್ದಾರೆ. ನಂದು ಈಗ ದಿನಾ ಓಡಾಡುವ ಹದಕ್ಕೆ ಬಂದಿದೆ. ಹಾಗಾಗಿ ಒಂದೇ ಕಡೆ ಬರೆದುಬಿಡುತ್ತೇನೆ.

ಕಂಪನಿಯ ಬಾಬರ್ ನನ್ನ ಕಿಸೆಗೆ ಆಗುವಂಥದ್ದಲ್ಲ. ಜಾವಾ ಪೆರಾಕ್ 2019ರ ನವೆಂಬರ್‌ನಲ್ಲಿ ಬಂದಾಗಲೇ ಶೋರೂಮ್ ಬೆಲೆ 1.94 ಲಕ್ಷ ಇತ್ತು. ರಾಯಲ್ ಎನ್‌ಫೀಲ್ಡ್‌ನ ಗೋವನ್ ಕ್ಲಾಸಿಕ್ 350 ಬಂದದ್ದು 2024ರಲ್ಲಿ, 2.35 ಲಕ್ಷದಿಂದ ಶುರು. ನಾನು ಗೋಕಾಕ ಕಡೆಯಿಂದ 2016ರ ಬಜಾಜ್ ಅವೆಂಜರ್ ಸ್ಟ್ರೀಟ್ 150 ತಂದೆ. 38 ಸಾವಿರ. ಕಾಗದಪತ್ರ ಸರಿ ಇದ್ದವು, ಪೆಟ್ರೋಲ್ ಟಾಕಿಯ ಒಳಗೆ ತುಕ್ಕು ಇರಲಿಲ್ಲ, ಎಂಜಿನ್ ಬಿಚ್ಚಿದ ಗುರುತು ಇರಲಿಲ್ಲ. ಇಷ್ಟು ನೋಡಿದ ಮೇಲೆ ಗೀರು, ತಗ್ಗು ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಹೇಗೂ ಬಿಚ್ಚುವುದೇ ಅಲ್ವಾ.

ಅವೆಂಜರೇ ಯಾಕೆ? ಬಾಬರ್‌ಗೆ ಬೇಕಾದ ಅರ್ಧ ಕೆಲಸ ಕಂಪನಿಯವರೇ ಮಾಡಿಟ್ಟಿದ್ದಾರೆ. ಸೀಟು ಕೆಳಗಿದೆ, ಗಾಡಿ ಉದ್ದ ಇದೆ. ಹಿಂದಿನ ಟೈರು 130/90-15, ದಪ್ಪ ಟೈರು ಬೇರೆ ಹುಡುಕಬೇಕಿಲ್ಲ. ಎಂಜಿನ್ ಪಲ್ಸರ್ ಮನೆತನದ್ದು. ಅಥಣಿ, ರಾಮದುರ್ಗ ಎಲ್ಲಿ ಕೆಟ್ಟು ನಿಂತರೂ ಸಾಮಾನು ಸಿಗುತ್ತದೆ, ಧೈರ್ಯವಾಗಿ ಕೈ ಹಾಕುವ ಮಿಸ್ತ್ರಿಯೂ ಸಿಗುತ್ತಾನೆ. ಗಾಳಿಗೇ ತಣಿಯುವ ಎಂಜಿನ್, 14.5 ಪಿಎಸ್ ಶಕ್ತಿ, ಕಾರ್ಬ್ಯುರೇಟರ್. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಫ್ಯುಯೆಲ್ ಇಂಜೆಕ್ಷನ್, ಸೆನ್ಸರ್ ಎಲ್ಲ ಬರುತ್ತವೆ. ಮನೆಯ ಅಂಗಳದಲ್ಲಿ ಕೂತು ಬಿಚ್ಚಿ ಕಲಿಯುವವರಿಗೆ ಹಳೆಯದೇ ವಾಸಿ.

ನಾನು ಇಟ್ಟುಕೊಂಡ ನಿಯಮ: ಫ್ರೇಮಿಗೆ ಗ್ರೈಂಡರ್ ತಾಗಬಾರದು. ಏನು ಮಾಡಿದರೂ ನಟ್ಟು ಬೋಲ್ಟಿನಲ್ಲೇ ಮಾಡಬೇಕು, ಬೇಕೆಂದಾಗ ಗಾಡಿ ಮೊದಲಿನ ಹಾಗೆ ಆಗಬೇಕು. ಬಿಚ್ಚಿದ ಸೀಟು, ಮಡ್‌ಗಾರ್ಡ್, ಹ್ಯಾಂಡಲ್ ಎಲ್ಲ ಗೋಣಿಚೀಲದಲ್ಲಿ ಅಟ್ಟದ ಮೇಲಿವೆ.

ಬದಲಾಗಿದ್ದು ಇಷ್ಟು. ಉದ್ದ ಸೀಟಿನ ಜಾಗಕ್ಕೆ ಸ್ಪ್ರಿಂಗ್ ಇರುವ ಒಂಟಿ ಸೀಟು, ಹಳೆ ಸೀಟಿನ ಬೋಲ್ಟ್ ತೂತುಗಳಲ್ಲೇ ಕೂರಿಸಿದ್ದು. ಹಿಂದೆ ಗಿಡ್ಡ ಮಡ್‌ಗಾರ್ಡ್. ನೇರವಾದ, ಸ್ವಲ್ಪ ಕೆಳಗಿರುವ ಹ್ಯಾಂಡಲ್. ಹಿಂದಿನ ಲೈಟು ಚಿಕ್ಕದು. ಬಣ್ಣ ಕಪ್ಪೇ, ಆರ್‌ಸಿಯಲ್ಲಿ ಇರುವುದೇ. ಮುಟ್ಟದೇ ಬಿಟ್ಟದ್ದು: ಏರ್ ಫಿಲ್ಟರ್ ಡಬ್ಬಿ, ಸೈಲೆನ್ಸರ್, ಬ್ರೇಕು, ಕನ್ನಡಿ, ಇಂಡಿಕೇಟರ್, ಹಿಂದಿನ ಫುಟ್‌ರೆಸ್ಟ್, ಸಾರಿ ಗಾರ್ಡ್.

ಬಾಬರ್ ಅಂದರೆ ಬಿಚ್ಚುವುದು ಸರಿ. ಬಿಚ್ಚುವ ಮೊದಲು ಆ ಸಾಮಾನು ಏನು ಕೆಲಸ ಮಾಡುತ್ತಿತ್ತು ಅಂತ ನೋಡಿ. ಆ ಕೆಲಸ ಇನ್ನು ಮೇಲೆ ಯಾರು ಮಾಡಬೇಕು ಅಂತ ಗೊತ್ತಾದರೆ ಮಾತ್ರ ಬಿಚ್ಚಿ.

ನವನಗರ ಬಾಗಲಕೋಟೆ:

ಅಣ್ಣಾ, ಸಾರಿ ಗಾರ್ಡ್ ಇರುವ ಬಾಬರ್ ಬಗ್ಗೆ ಇದೇ ಮೊದಲು ಕೇಳಿದ್ದು. ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ.

ನನ್ನದೂ ಅವೆಂಜರ್, 220. ನನಗೆ ಪೂರ್ತಿ ಹಾರ್ಡ್‌ಟೇಲ್ ಬೇಕು. ಹಿಂದಿನ ಶಾಕಪ್ ತೆಗೆದು ಕಬ್ಬಿಣದ ಪೈಪ್ ವೆಲ್ಡ್ ಮಾಡಿಸಿ, ಫ್ರೇಮಿನ ಬಾಲ ಕತ್ತರಿಸುವ ಯೋಚನೆ. ಇಲ್ಲಿ ಗೇಟು, ಗ್ರಿಲ್ ಮಾಡುವ ಒಬ್ಬರು ಆರು ಸಾವಿರಕ್ಕೆ ಮಾಡಿಕೊಡುತ್ತೇನೆ ಅಂದಿದ್ದಾರೆ. ನಿಜವಾದ ಬಾಬರ್ ಹಾಗೇ ಇರುವುದು ಅಲ್ವಾ? ಯಾರಾದರೂ ಮಾಡಿಸಿದ್ದರೆ ಹೇಳಿ.

ಉದ್ಯಮಬಾಗ ಲೇತ್:

ತಮ್ಮಾ, ಗ್ರಿಲ್ ಮಾಡುವವರ ಕೈಯಲ್ಲಿ ಗ್ರಿಲ್ ಮಾಡಿಸು.

ಈ ಬಾಬರ್ ಹುಟ್ಟಿದ್ದು ಅಮೆರಿಕದಲ್ಲಿ, 1930ರ, 40ರ ದಶಕದಲ್ಲಿ. ಅಲ್ಲಿಯ ಭಾರದ ಗಾಡಿಗಳನ್ನು ಹಗುರ ಮಾಡಲು ಹುಡುಗರು ಮುಂದಿನ ಮಡ್‌ಗಾರ್ಡ್ ಕಿತ್ತರು, ಹಿಂದಿನದನ್ನು ಗಿಡ್ಡ ಕತ್ತರಿಸಿದರು, ಬೇಡದ್ದೆಲ್ಲ ಬಿಚ್ಚಿದರು. ಫ್ರೇಮಿಗೆ ಕೈ ಹಾಕಲಿಲ್ಲ. ಹಿಂದೆ ಶಾಕಪ್ ಇರಲಿಲ್ಲ ಅಂದರೆ ಅವರು ತೆಗೆದರು ಅಂತಲ್ಲ, ಗಾಡಿಗೆ ಇರಲೇ ಇಲ್ಲ. ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಗಾಡಿಗಳಿಗೇ ಹಿಂದಿನ ಶಾಕಪ್ ಬಂದದ್ದು 1958ರಲ್ಲಿ. ಫ್ರೇಮ್ ಕತ್ತರಿಸಿ, ಮುಂದಿನ ಫೋರ್ಕ್ ಉದ್ದ ಎಳೆದು ಮಾಡುವುದು ಚಾಪರ್. ಅದು ಆಮೇಲೆ ಬಂದದ್ದು. ಹಾಗಾಗಿ ನೀನು ಹೇಳಿದ ಲೆಕ್ಕದಲ್ಲಿ ನೋಡಿದರೂ ಅನಗೋಳದವರ ಗಾಡಿಯೇ ಹೆಚ್ಚು ಬಾಬರ್.

ಈಗ ಕೆಲಸದ ಮಾತು. ನಿನ್ನ ಗಾಡಿಯ ಫ್ರೇಮ್ ಶಾಕಪ್ ಇದೆ ಅಂತಲೇ ಲೆಕ್ಕ ಹಾಕಿ ಮಾಡಿದ್ದು. ತಗ್ಗಿನಲ್ಲಿ ಬಿದ್ದ ಪೆಟ್ಟನ್ನು ಸ್ಪ್ರಿಂಗು ನುಂಗುತ್ತದೆ, ಉಳಿದದ್ದು ಫ್ರೇಮಿಗೆ ಹೋಗುತ್ತದೆ. ಸ್ಪ್ರಿಂಗಿನ ಜಾಗದಲ್ಲಿ ಪೈಪ್ ಇಟ್ಟರೆ ಪೂರ್ತಿ ಪೆಟ್ಟು ಶಾಕಪ್ಪಿನ ಮೇಲಿನ ಗೂಟಕ್ಕೆ ಬೀಳುತ್ತದೆ. ಅದು ಮೊದಲು ಬಾಗುತ್ತದೆ, ಆಮೇಲೆ ಬಿರಿಯುತ್ತದೆ. ಬಿರುಕು ವೆಲ್ಡಿನ ಮೇಲೆ ಬರುವುದು ಕಡಿಮೆ. ವೆಲ್ಡಿನ ಪಕ್ಕದಲ್ಲಿ, ಕಾಯ್ದು ತಣಿದ ಜಾಗದಲ್ಲಿ ಬರುತ್ತದೆ. ಅದರ ಮೇಲೆ ಬಣ್ಣ ಹೊಡೆದಿದ್ದರೆ ಕಾಣುವುದೂ ಇಲ್ಲ. ಒಂದು ದಿನ ಸೀಟಿನ ಕೆಳಗೆ ಗಾಡಿ ಎರಡಾಗುತ್ತದೆ.

ವೆಲ್ಡ್ ಮಾಡುವುದೇ ನನ್ನ ಹೊಟ್ಟೆಪಾಡು. ಆದರೂ ಹೇಳುತ್ತಿದ್ದೇನೆ, ಬೇಡ.

ಚನ್ನಮ್ಮ ಸರ್ಕಲ್:

ಕಾಯ್ದೆಯ ವಿಷಯ ಯಾರೂ ತೆಗೆಯಲಿಲ್ಲ. ಸ್ವಲ್ಪ ನೀರಸ, ಆದರೂ ಓದಿ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಹೇಳಿದ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ಬೇರೆಯಾಗುವಂತೆ ಮಾಲೀಕ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪ್ರತಿ ಬದಲಾವಣೆಗೆ ಅನ್ನುವುದನ್ನು ಗಮನಿಸಿ.

ಫ್ರೇಮ್ ಕತ್ತರಿಸಿದರೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಗಾಡಿಯ ರಚನೆ ಬದಲಾಗಿ ಮೂಲ ಲಕ್ಷಣವೇ ಬೇರೆಯಾಯಿತು ಅಂದರೆ ಅದೇ ಮಾರ್ಪಾಡು ಅಂತ ಕಾಯ್ದೆಯೇ ಹೇಳುತ್ತದೆ. ಇನ್ನು ಸಾರಿ ಗಾರ್ಡ್ ಬಗ್ಗೆ ನಕ್ಕವರಿಗೆ: ಕೇಂದ್ರ ಮೋಟಾರು ವಾಹನ ನಿಯಮ 1989ರ 123ನೇ ನಿಯಮ ನೋಡಿ. ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಕನಿಷ್ಠ ಅರ್ಧ ಮುಚ್ಚುವ ರಕ್ಷಣೆ, ಮೂರೂ ಇರಬೇಕು.

ಅನಗೋಳದವರೇ, ನಿಮ್ಮ ಒಂಟಿ ಸೀಟೂ ಪೂರ್ತಿ ಸುರಕ್ಷಿತ ಅಲ್ಲ. ಆರ್‌ಸಿಯಲ್ಲಿ ಇಬ್ಬರು ಕೂರುವ ಗಾಡಿ ಅಂತ ಇರುತ್ತದೆ. ಪೆರಾಕ್ ಒಂಟಿ ಸೀಟಿನಲ್ಲೇ ಬಂದದ್ದು, ಅದರ ಮಾತು ಬೇರೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಇದನ್ನು.

ಅನಗೋಳದ ಸವಾರ:

ಒಪ್ಪುತ್ತೇನೆ. ಅದಕ್ಕೇ ಹಳೆ ಸೀಟು ಅಟ್ಟದ ಮೇಲಿದೆ, ನಾಲ್ಕು ಬೋಲ್ಟಿನ ಕೆಲಸ. ಹಿಡಿಕೆ, ಸಾರಿ ಗಾರ್ಡ್ ಗಾಡಿಯಲ್ಲೇ ಇವೆ. ಆರ್‌ಟಿಒಗೆ ಹೋಗುವಾಗ, ಮನೆಯವರನ್ನು ಕೂರಿಸಿಕೊಂಡು ಹೋಗುವಾಗ ಉದ್ದ ಸೀಟು, ಹಳೆ ಮಡ್‌ಗಾರ್ಡ್. ನನ್ನ ಹೆಂಡತಿಗೆ ಒಂಟಿ ಸೀಟು ಕಂಡರೆ ಆಗುವುದಿಲ್ಲ. ಆ ದಂಡ ಕಾಯ್ದೆಯ ದಂಡಕ್ಕಿಂತ ಜಾಸ್ತಿ.

ಗುಮ್ಮಟ 28:

ವಿಜಯಪುರದಿಂದ. ನಂದು ಯಮಾಹಾ ಎಂಟೈಸರ್, 125 ಸಿಸಿ, ಹಳೆಯ ಮುದುಕ. ಸಣ್ಣ ಎಂಜಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಊರಲ್ಲಿ ಬಾಬರ್ ಮಾಡುವ ಹುಡುಗರು ಮೊದಲು ಮಾಡುವ ಕೆಲಸ ಏರ್ ಫಿಲ್ಟರ್ ಡಬ್ಬಿ ಕಿತ್ತು ಕೋನ್ ಫಿಲ್ಟರ್ ಹಾಕುವುದು, ಸೈಲೆನ್ಸರ್ ಕಿತ್ತು ಗಿಡ್ಡ ಪೈಪ್ ಹಾಕುವುದು. ಸದ್ದು ಬರುತ್ತದೆ, ಒಪ್ಪಿದೆ. ಓಟ ಹೋಗುತ್ತದೆ.

ಕಾರಣ ಇದು. ಡಬ್ಬಿ ಸುಮ್ನೆ ಧೂಳು ತಡೆಯಲು ಇಟ್ಟದ್ದಲ್ಲ. ಕಾರ್ಬ್ಯುರೇಟರಿಗೆ ನಿಂತ, ಅಲುಗಾಡದ ಗಾಳಿ ಕೊಡುವುದೇ ಅದರ ಕೆಲಸ. ಅದನ್ನು ತೆಗೆದರೆ ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ಮಿಶ್ರಣ ತೆಳ್ಳಗಾಗುತ್ತದೆ. ಸಿವಿ ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಇನ್ನೂ ಕಷ್ಟ, ಅದರ ಸ್ಲೈಡ್ ಏಳುವುದೇ ಗಾಳಿಯ ಒತ್ತಡದ ವ್ಯತ್ಯಾಸದಿಂದ. ಆ ಲೆಕ್ಕ ತಪ್ಪಿದರೆ ಎಕ್ಸಿಲರೇಟರ್ ತಿರುವಿದಾಗ ಗಾಡಿ ಒಂದು ಕ್ಷಣ ಉಸಿರು ಕಟ್ಟಿದಂತೆ ಮಾಡುತ್ತದೆ. ಮೇನ್ ಜೆಟ್ (ಪೆಟ್ರೋಲ್ ಬರುವ ತೂತು) ದೊಡ್ಡದು ಹಾಕಿದರೆ ಫುಲ್ ಥ್ರಾಟಲ್ ಸರಿ ಹೋಗಬಹುದು. ನಾವು ಓಡಿಸುವುದು ಅರ್ಧ ಥ್ರಾಟಲ್‌ನಲ್ಲಿ, ಅಲ್ಲಿ ಸೂಜಿ, ಪೈಲಟ್ ಜೆಟ್ ಎಲ್ಲ ನೋಡಬೇಕು.

ತಿಳಿಯಬೇಕೆಂದರೆ ಪ್ಲಗ್ ಬಿಚ್ಚಿ. ಇಟ್ಟಿಗೆಯ ಅಥವಾ ತಿಳಿ ಕಂದು ಬಣ್ಣ ಇದ್ದರೆ ಸರಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಣ್ಣದ ಹಾಗಿದ್ದರೆ ತೆಳುವಾಯಿತು, ಎಂಜಿನ್ ಕಾಯುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ತೆಳು ಮಿಶ್ರಣದ ಗಾಳಿ ತಂಪಿನ ಎಂಜಿನ್ ಎಳೆದುಕೊಂಡು ಸಿಂದಗಿಗೆ ಹೋಗಿ ಬನ್ನಿ, ಗೊತ್ತಾಗುತ್ತದೆ.

ಸೈಲೆನ್ಸರ್ ಬಗ್ಗೆ ಇನ್ನೊಂದು. 80ರಿಂದ 175 ಸಿಸಿ ಗಾಡಿಗೆ ತಯಾರಿಕೆಯ ಹಂತದ ಸದ್ದಿನ ಮಿತಿ 77 ಡೆಸಿಬಲ್. ಗಿಡ್ಡ ಪೈಪ್ ಅದನ್ನು ಎಲ್ಲೋ ದಾಟಿರುತ್ತದೆ. 14 ಪಿಎಸ್ ಗಾಡಿಗೆ ಅಷ್ಟು ಸದ್ದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಜಾಂಬೋಟಿ ರಸ್ತೆ:

ನಾನು ಖಾನಾಪುರ ಕಡೆಯವಳು, ಕೆಲಸಕ್ಕೆ ದಿನಾ ಬೆಳಗಾವಿ. ಅವೆಂಜರ್ 160 ಓಡಿಸುತ್ತೇನೆ. ನನ್ನ ಎತ್ತರಕ್ಕೆ ಎರಡೂ ಕಾಲು ಪೂರ್ತಿ ಊರುವ ಗಾಡಿ ಇದೊಂದೇ ಸಿಕ್ಕಿದ್ದು. ಕಾಲೇಜು ಹುಡುಗರು ಬಾಬರ್ ಬಾಬರ್ ಅಂತ ಕುಣಿಯುವುದಕ್ಕೂ ಮೊದಲಿನಿಂದ ನನಗೆ ಇದು ಇಷ್ಟ.

ಆದರೆ ಗಿಡ್ಡ ಮಡ್‌ಗಾರ್ಡ್ ಬಗ್ಗೆ ಮಾತಾಡುವವರು ಜುಲೈನಲ್ಲಿ ನಮ್ಮ ರಸ್ತೆಗೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಮಳೆ ನಿಲ್ಲುವುದೇ ಅಪರೂಪ. ಬಾಗಲಕೋಟೆ, ವಿಜಯಪುರದವರಿಗೆ ಇದು ಅಷ್ಟು ತಟ್ಟುವುದಿಲ್ಲ. ಗಿಡ್ಡ ಮಡ್‌ಗಾರ್ಡಿನ ಗಾಡಿಯ ಹಿಂದೆ ಹೋದರೆ ನನ್ನ ಹೆಲ್ಮೆಟ್ ಗಾಜಿಗೆ ಕೆಂಪು ರಾಡಿ. ಓಡಿಸುವವನ ಬೆನ್ನಿಗೂ ಸೊಂಟದಿಂದ ಕುತ್ತಿಗೆವರೆಗೆ ಪಟ್ಟೆ. ಅದಕ್ಕಿಂತ ಕೆಟ್ಟದ್ದು, ಹಿಂದಿನ ಲೈಟಿನ ಮೇಲೆ ರಾಡಿ ಕೂತು ಬೆಳಕೇ ಕಾಣುವುದಿಲ್ಲ. ಮಂಜು ಮುಸುಕಿದ ಬೆಳಗಿನಲ್ಲಿ ಕಣಕುಂಬಿ ತಿರುವಿನಲ್ಲಿ ಅಂಥ ಗಾಡಿ ಮುಂದೆ ಇದ್ದರೆ ದೇವರೇ ಗತಿ.

ಅನಗೋಳದ ಅಣ್ಣಾ, ಟೈರಿಗೂ ಮಡ್‌ಗಾರ್ಡಿಗೂ ಎಷ್ಟು ಜಾಗ ಬಿಟ್ಟಿದ್ದೀರಿ? ಭಾರ ಬಿದ್ದಾಗ ತಾಗುವುದಿಲ್ಲವಾ?

ಇನ್ನೊಂದು ವಿಷಯ. ಗಾಡಿ ಇನ್ನೂ ಕೆಳಗೆ ಕಾಣಲಿ ಅಂತ ಹಿಂದೆ ಗಿಡ್ಡ ಶಾಕಪ್ ಹಾಕಿಸುತ್ತಾರೆ. ಸೈಡ್ ಸ್ಟ್ಯಾಂಡ್ ಮಾತ್ರ ಹಳೆಯದೇ. ಗಾಡಿ ಕೆಳಗಾದ ಮೇಲೆ ಸ್ಟ್ಯಾಂಡ್ ಉದ್ದವಾಯಿತು, ಗಾಡಿ ನೆಟ್ಟಗೆ ನಿಲ್ಲುತ್ತದೆ, ಪಕ್ಕದಲ್ಲಿ ಎಮ್ಮೆ ಮೈ ಉಜ್ಜಿದರೂ ಆ ಕಡೆಗೆ ಬೀಳುತ್ತದೆ. ಸಂತೆಯ ದಿನ ಇದನ್ನು ಕಣ್ಣಾರೆ ನೋಡಿದ್ದೇನೆ.

ಅನಗೋಳದ ಸವಾರ:

ಅಕ್ಕಾ, ಸರಿಯಾದ ಪ್ರಶ್ನೆ. ಈ ಗಾಡಿಯಲ್ಲಿ ನಾನು ಜಾಸ್ತಿ ತಲೆ ಓಡಿಸಿದ್ದು ಮಡ್‌ಗಾರ್ಡಿಗೇ.

ಎರಡು ದಾರಿ ಇವೆ. ಒಂದು, ಮಡ್‌ಗಾರ್ಡನ್ನು ಫ್ರೇಮಿಗೆ ಕಟ್ಟುವುದು, ಕಂಪನಿಯವರು ಮಾಡಿದ ಹಾಗೆ. ಆಗ ಚಕ್ರ ಮೇಲೆ ಕೆಳಗೆ ಆಡುತ್ತದೆ, ಮಡ್‌ಗಾರ್ಡ್ ಇದ್ದಲ್ಲೇ ಇರುತ್ತದೆ. ಶಾಕಪ್ ಪೂರ್ತಿ ಕುಗ್ಗಿದರೂ ಟೈರು ತಾಗದಷ್ಟು ಜಾಗ ಬಿಡಬೇಕು. ನೋಡಲು ಚೆನ್ನಾಗಿರುವುದಿಲ್ಲ, ನಡುವೆ ಬೋಳು. ಚೆನ್ನಾಗಿ ಕಾಣಲಿ ಅಂತ ಹತ್ತಿರ ತಂದವರ ಗಾಡಿ ಮೊದಲ ದೊಡ್ಡ ತಗ್ಗಿನಲ್ಲೇ ಟೈರು ಉಜ್ಜುತ್ತದೆ. ಓಟದಲ್ಲಿ ಟೈರು ಮಡ್‌ಗಾರ್ಡಿಗೆ ಸಿಕ್ಕಿ ಚಕ್ರ ನಿಂತರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ.

ಇದನ್ನು ಪರೀಕ್ಷೆ ಮಾಡುವುದು ಹೀಗೆ. ಗಾಡಿಯನ್ನು ಎಂಜಿನ್ ಕೆಳಗೆ ಗಟ್ಟಿಯಾಗಿ ಎತ್ತಿ ನಿಲ್ಲಿಸಿ. ಎರಡೂ ಶಾಕಪ್ ಬಿಚ್ಚಿ. ಶಾಕಪ್ ಎಷ್ಟು ಕುಗ್ಗಬಹುದು ಅಂತ ಅದರ ಕಡ್ಡಿಯಲ್ಲಿ ಅಳೆಯಿರಿ. ಅಷ್ಟು ಕುಗ್ಗಿದಾಗ ಅದರ ಎರಡು ತೂತಿನ ನಡುವೆ ಎಷ್ಟು ಉಳಿಯುತ್ತದೋ ಅಷ್ಟೇ ಉದ್ದದ ಮರದ ಪಟ್ಟಿ ಮಾಡಿ, ಶಾಕಪ್ಪಿನ ಜಾಗದಲ್ಲಿ ಹಾಕಿ. ಈಗ ಚಕ್ರ ಅದು ಹೋಗಬಹುದಾದ ತೀರಾ ಮೇಲಿನ ಜಾಗದಲ್ಲಿ ನಿಂತಿದೆ. ಇಲ್ಲಿ ಟೈರಿಗೂ ಮಡ್‌ಗಾರ್ಡಿಗೂ ಬೆರಳು ಹೋಗಬೇಕು. ಮಡ್‌ಗಾರ್ಡಿನ ಒಳಗಿನ ಬೋಲ್ಟ್ ತಲೆ, ವೈರು ಎಲ್ಲ ನೋಡಿ. ತಾಗುವುದು ತಗಡಲ್ಲ, ಆ ಬೋಲ್ಟಿನ ತಲೆ. ಇಬ್ಬರು ದಪ್ಪ ಗೆಳೆಯರನ್ನು ಕೂರಿಸಿ ನೋಡಿದರೆ ಸಾಕು ಅನ್ನುವವರಿದ್ದಾರೆ. ಕೂತ ಭಾರ ಬೇರೆ, ತಗ್ಗಿನ ಪೆಟ್ಟು ಬೇರೆ.

ನಾನು ಹಿಡಿದದ್ದು ಎರಡನೇ ದಾರಿ. ಮಡ್‌ಗಾರ್ಡನ್ನು ಫ್ರೇಮಿಗಲ್ಲ, ಸ್ವಿಂಗ್‌ಆರ್ಮಿಗೆ, ಅಂದರೆ ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳಿಗೆ, ಕಟ್ಟಿದ್ದೇನೆ. ಚಕ್ರ ಎಲ್ಲಿ ಹೋದರೂ ಮಡ್‌ಗಾರ್ಡೂ ಜೊತೆಗೇ ಹೋಗುತ್ತದೆ, ನಡುವಿನ ಜಾಗ ಬದಲಾಗುವುದೇ ಇಲ್ಲ. ಟೈರಿಗೆ ಎರಡು ಬೆರಳಿನಷ್ಟು ಹತ್ತಿರ ಬಂದು ಚಂದ ಕಾಣುತ್ತದೆ. ರಾಡಿಗೂ ಇದೇ ವಾಸಿ, ಹಿಂದಿನ ತುದಿಯನ್ನು ಅಚ್ಚಿನ ಎತ್ತರದವರೆಗೆ ಇಳಿಸಿದ್ದೇನೆ. ಅದನ್ನು ಇನ್ನೂ ಗಿಡ್ಡ ಮಾಡಿದರೆ ಫೋಟೋಗೆ ಚೆನ್ನ, ಜಾಂಬೋಟಿ ರಸ್ತೆಗೆ ಬೇಡ.

ಇದಕ್ಕೆ ತೊಂದರೆ ಇಲ್ಲ ಅಂತಲ್ಲ. ಸ್ವಿಂಗ್‌ಆರ್ಮಿಗೆ ಕಟ್ಟಿದ ಸಾಮಾನಿಗೆ ಶಾಕಪ್ಪಿನ ರಕ್ಷಣೆ ಇಲ್ಲ, ರಸ್ತೆಯ ಪ್ರತಿ ಪೆಟ್ಟೂ ನೇರವಾಗಿ ಬೀಳುತ್ತದೆ. ತೆಳು ಪಟ್ಟಿ ಹಾಕಿದರೆ ತುಂಡಾಗುತ್ತದೆ. ಮತ್ತೆ ಸೀಟಿನ ಕೆಳಭಾಗಕ್ಕೆ ಮಡ್‌ಗಾರ್ಡ್ ಬಂದು ಗುದ್ದಬಾರದು. ಆ ಮರದ ಪಟ್ಟಿಯ ಪರೀಕ್ಷೆ ಇಲ್ಲಿಯೂ ಬೇಕು.

ಸೀಟಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂಟಿ ಸೀಟು ಹಾಕಿದ ಮೇಲೆ ಹಿಂದೆ ಭಾರ ಕಡಿಮೆ, ಸ್ಪ್ರಿಂಗು ಬಿರುಸು ಅನ್ನಿಸುತ್ತದೆ. ಹೊಸ ಶಾಕಪ್ ತರಲು ಓಡಬೇಡಿ. ಶಾಕಪ್ಪಿನ ಕೆಳಗಿನ ಮೆಟ್ಟಿಲು ಮೆಟ್ಟಿಲಿನ ರಿಂಗ್ ಇದೆಯಲ್ಲ, ಅದನ್ನು ಮೆತ್ತಗಿನ ಕಡೆ ತಿರುಗಿಸಿ. ಎರಡೂ ಕಡೆ ಒಂದೇ ಮೆಟ್ಟಿಲು ಇರಲಿ.

ಉದ್ಯಮಬಾಗ ಲೇತ್:

ಪಟ್ಟಿಯ ಬಗ್ಗೆ ನಾನು ಸೇರಿಸುತ್ತೇನೆ. ಸ್ವಿಂಗ್‌ಆರ್ಮಿಗೆ ವೆಲ್ಡ್ ಬೇಡ, ತೂತು ಬೇಡ. ಪೈಪನ್ನು ಎರಡು ಕಡೆಯಿಂದ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಮಾಡಿಸಿ, ಒಳಗೆ ರಬ್ಬರ್ ಪಟ್ಟಿ ಇಡಿ. ಪಟ್ಟಿ 5 ಮಿ.ಮೀ. ದಪ್ಪ ಇರಲಿ. ಬಾಗಿಸುವಾಗ ಚೂಪು ಮೂಲೆ ಬೇಡ, ಬಿರುಕು ಹುಟ್ಟುವುದು ಅಲ್ಲೇ. ತಗಡಿಗೂ ಪಟ್ಟಿಗೂ ನಡುವೆ ರಬ್ಬರ್ ಬುಶ್, ಎರಡೂ ಕಡೆ ಅಗಲ ವಾಷರ್, ಮೇಲೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ನಟ್). ಸಾದಾ ನಟ್ ಹಾಕಿದರೆ ಕಿತ್ತೂರು ಮುಟ್ಟುವಷ್ಟರಲ್ಲಿ ಅರ್ಧ ಬಿದ್ದಿರುತ್ತವೆ.

ಬೋಲ್ಟ್ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತು ಇರುವುದನ್ನೇ ತನ್ನಿ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ, 8 ಮಿ.ಮೀ.ಗೆ ಸುಮಾರು 25. ಅದಕ್ಕಿಂತ ಬಿಗಿದರೆ ಶಕ್ತಿ ತೋರಿಸಿದ ಹಾಗಾಗುತ್ತದೆ, ಬೋಲ್ಟ್ ಉಳಿಯುವುದಿಲ್ಲ. ತಗಡಿನಲ್ಲಿ ಈಗಾಗಲೇ ಬಿರುಕು ಬಂದಿದ್ದರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಹಾಕಿ, ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಒಳಗಿನಿಂದ ತುಂಡು ಕೊಟ್ಟು ವೆಲ್ಡ್ ಮಾಡಿಸಿ.

ವೆಲ್ಡ್ ಮಾಡುವಾಗ ಬ್ಯಾಟರಿ ಬಿಚ್ಚಿ. ಎಷ್ಟು ಸಲ ಹೇಳಿದರೂ ಮರೆಯುತ್ತಾರೆ.

ಟಿಳಕವಾಡಿ ಕಾಫಿ:

ಎಲ್ಲ ಓದಿದೆ. ಏರ್ ಫಿಲ್ಟರ್ ಅದೇ, ಸೈಲೆನ್ಸರ್ ಅದೇ, ಸಾರಿ ಗಾರ್ಡ್ ಅದೇ, ಫ್ರೇಮ್ ಅದೇ. ಬೇಜಾರು ಮಾಡ್ಕೋಬೇಡಿ ರೀ, ಇದು ಬಾಬರ್ ಅಲ್ಲ. ಸೀಟು ಬದಲಿಸಿದ ಅವೆಂಜರ್.

ಅನಗೋಳದ ಸವಾರ:

ಆಗಲಿ ರೀ. ಸೀಟು ಬದಲಿಸಿದ ಅವೆಂಜರ್ ಅಂತಲೇ ಕರೆಯಿರಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ಕಬ್ಬಿನ ಊರು ಜಮಖಂಡಿ:

ಹಿಂದಿನ ಲೈಟಿನ ಮಾತು ಬಂದಿತು. ನಮ್ಮ ಕಡೆ, ಅಂದರೆ ಜಮಖಂಡಿ, ಮುಧೋಳ, ಮಹಾಲಿಂಗಪುರ ದಾರಿಯಲ್ಲಿ, ಕಬ್ಬು ಅರೆಯುವ ಕಾಲ ಬಂತೆಂದರೆ ರಾತ್ರಿ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ಎಷ್ಟೋ ಟ್ರಾಲಿಗೆ ಹಿಂದೆ ಲೈಟೂ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಬಾಬರ್ ಅಂತ ಅಂಗೈ ಅಗಲದ ಹೆಡ್‌ಲೈಟ್ ಹಾಕಿಸಿಕೊಂಡವರು ಆ ಟ್ರಾಲಿಯನ್ನು ನೋಡುವುದು ತೀರಾ ಹತ್ತಿರ ಬಂದ ಮೇಲೆ. ದಯವಿಟ್ಟು ಹೆಡ್‌ಲೈಟ್ ಚಿಕ್ಕದು ಮಾಡಬೇಡಿ. ಹಿಂದಿನ ಲೈಟ್ ಚಿಕ್ಕದಾದರೂ ಬೆಳಕು ಚಿಕ್ಕದಾಗಬಾರದು.

ನನ್ನ ಪ್ರಶ್ನೆ: ಎಲ್‌ಇಡಿ ಇಂಡಿಕೇಟರ್ ಹಾಕಿದ ಮೇಲೆ ಹುಚ್ಚು ಹಿಡಿದಂತೆ ಪಟಪಟ ಮಿಟುಕುತ್ತದೆ. ಅಂಗಡಿಯವರು ಬ್ಯಾಟರಿ ಬದಲಿಸಿ ಅಂದರು. ಹೌದಾ?

ಅನಗೋಳದ ಸವಾರ:

ಬ್ಯಾಟರಿಗೂ ಅದಕ್ಕೂ ಸಂಬಂಧ ಇಲ್ಲ. ಹಳೆ ಫ್ಲಾಶರ್, ಅಂದರೆ ಇಂಡಿಕೇಟರ್ ಮಿಟುಕಿಸುವ ಡಬ್ಬಿ, ಬಲ್ಬು ಎಳೆಯುವ ಕರೆಂಟಿಗೆ ಹೊಂದಿಸಿ ಮಾಡಿದ್ದು. ಎಲ್‌ಇಡಿ ಅದರ ಒಂದು ಪಾಲೂ ಎಳೆಯುವುದಿಲ್ಲ. ಬಲ್ಬು ಹೋಗಿದೆ ಅಂತ ತಿಳಿದು ಫ್ಲಾಶರ್ ಜೋರು ಮಿಟುಕುತ್ತದೆ. ಎಲ್‌ಇಡಿಗೆ ಅಂತಲೇ ಬರುವ ಫ್ಲಾಶರ್ ಹಾಕಿ, ನೂರಿನ್ನೂರು ರೂಪಾಯಿ ಅಷ್ಟೇ.

ವೈರಿಂಗ್ ಮಾಡುವವರು ಇಷ್ಟು ನೋಡಿಕೊಳ್ಳಿ. ತಿರುವಿ ಟೇಪು ಸುತ್ತಿದ ಜಾಯಿಂಟ್ ಒಂದು ಮಳೆಗಾಲ ಬಾಳುವುದಿಲ್ಲ. ಬೆಸುಗೆ ಹಾಕಿ ಅಥವಾ ಒತ್ತುವ ಕನೆಕ್ಟರ್ ಹಾಕಿ, ಮೇಲೆ ಬಿಸಿ ಮಾಡಿದರೆ ಕುಗ್ಗುವ ಕೊಳವೆ ಏರಿಸಿ. ಮಡ್‌ಗಾರ್ಡ್ ಸ್ವಿಂಗ್‌ಆರ್ಮಿಗೆ ಕಟ್ಟಿದ್ದರೆ ಲೈಟಿನ ವೈರು ಅದರ ಜೊತೆ ಆಡುತ್ತದೆ, ಫ್ರೇಮಿನಿಂದ ಇಳಿಯುವ ಜಾಗದಲ್ಲಿ ಸಡಿಲವಾಗಿ ಒಂದು ಸುತ್ತು ಬಿಡಿ. ನಂಬರ್ ಪ್ಲೇಟನ್ನು ಚಕ್ರದ ಪಕ್ಕಕ್ಕೆ ಒಯ್ಯುವ ಫ್ಯಾಷನ್ ಇದೆ. ನಾನು ಹಿಂದೆಯೇ ಇಟ್ಟಿದ್ದೇನೆ, ಮೇಲೆ ಚಿಕ್ಕ ಬಲ್ಬು.

ಹ್ಯಾಂಡಲ್ ಬದಲಿಸಿದವರು ಇದೊಂದು ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿ ಚಾಲೂ ಇಟ್ಟು ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಎಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಕ್ಲಚ್ ಕೇಬಲ್, ಬ್ರೇಕ್ ಪೈಪ್ ಎಲ್ಲೂ ಬಿಗಿಯಬಾರದು, ಟಾಕಿಗೂ ಹ್ಯಾಂಡಲಿಗೂ ನಡುವೆ ಬೆರಳು ಸಿಕ್ಕಿಕೊಳ್ಳಬಾರದು.

ನವನಗರ ಬಾಗಲಕೋಟೆ:

ಲೇತ್ ಕಾಕಾ ಅವರ ಮಾತು ಕೇಳಿ ಹಾರ್ಡ್‌ಟೇಲ್ ಬಿಟ್ಟೆ. ಆರು ಸಾವಿರ ಉಳಿಯಿತು, ಆ ಗ್ರಿಲ್‌ನವರಿಗೆ ಬೇಜಾರಾಗಿದೆ. ಸಾರಿ ಗಾರ್ಡ್ ಬಗ್ಗೆ ಇನ್ನೂ ಯೋಚನೆ ಮಾಡುತ್ತಿದ್ದೇನೆ.

ಅಣ್ಣಾ, ಒಟ್ಟು ಖರ್ಚು ಎಷ್ಟಾಯಿತು? 150 ಸಿಸಿಯಲ್ಲಿ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗಬಹುದಾ? ಸ್ಪ್ರಾಕೆಟ್ ಬದಲಿಸಿದರೆ ಓಟ ಜಾಸ್ತಿ ಆಗುತ್ತದೆ ಅನ್ನುತ್ತಾರೆ.

ಅನಗೋಳದ ಸವಾರ:

ಗಾಡಿ ಬಿಟ್ಟು ಹನ್ನೆರಡು ಸಾವಿರದ ಹತ್ತಿರ. ಅದರಲ್ಲಿ ಕಾಣುವ ಕೆಲಸಕ್ಕೆ ಅರ್ಧವೂ ಇಲ್ಲ. ಚೈನ್ ಸ್ಪ್ರಾಕೆಟ್ ಸೆಟ್, ಹಿಂದಿನ ಬ್ರೇಕ್ ಶೂ, ಮುಂದಿನ ಪ್ಯಾಡ್, ಹ್ಯಾಂಡಲ್ ಬೇರಿಂಗ್, ಹಿಂದಿನ ಟೈರು, ಇವೇ ದುಡ್ಡು ನುಂಗಿದ್ದು. ಸೀಟು ಮಾಡಿಸಿದ್ದಕ್ಕೆ 2,200. ತಗಡಿನ ತಳದ ಮೇಲೆ ಗಟ್ಟಿ ಫೋಮ್, ಮೇಲೆ ರೆಕ್ಸಿನ್. ಮೆತ್ತನೆ ಫೋಮ್ ಕೇಳಬೇಡಿ. ಅಂಗಡಿಯಲ್ಲಿ ಸುಖ, ನಿಪ್ಪಾಣಿ ಮುಟ್ಟುವಾಗ ತಗಡಿನ ಮೇಲೇ ಕೂತಿರುತ್ತೀರಿ.

ಚೋರ್ಲಾ ಆರಾಮ. ಘಾಟಿನಲ್ಲಿ ಇಷ್ಟು ಸಣ್ಣ ಎಂಜಿನ್ನೇ ಸುಖ, ತಿರುವಿನಲ್ಲಿ ಎರಡನೇ ಮೂರನೇ ಗೇರಿನಲ್ಲಿ ತಂತಾನೇ ಹೋಗುತ್ತದೆ. ಇಳಿಯುವಾಗ ಗೇರಿನಲ್ಲೇ ಇಳಿಯಿರಿ, ಹಿಂದೆ ಡ್ರಮ್ ಬ್ರೇಕು, ಕಾಯ್ದರೆ ಹಿಡಿತ ಕಡಿಮೆ. ಹೆದ್ದಾರಿಯಲ್ಲಿ 75, 80ರಲ್ಲಿ ಹೋಗುತ್ತಿದ್ದರೆ ಅದಕ್ಕೂ ಹಿತ ನಮಗೂ ಹಿತ. ಮೇಲೆ ಹೋದರೆ ಕೈ ಜುಮ್ಮೆನ್ನುತ್ತದೆ, ಗಾಳಿ ಎದೆಗೆ ಹೊಡೆಯುತ್ತದೆ.

ಸ್ಪ್ರಾಕೆಟ್ ಲೆಕ್ಕ ಸರಳ. ಮುಂದೆ 14 ಹಲ್ಲಿನ ಜಾಗದಲ್ಲಿ 15 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ 7 ಕಡಿಮೆ ಸುತ್ತುತ್ತದೆ. ಹೆದ್ದಾರಿಯಲ್ಲಿ ನೆಮ್ಮದಿ. ಘಾಟಿನಲ್ಲಿ ಮಾತ್ರ ಅದೇ ಶೇ 7 ಎಳೆತ ಹೋಗಿರುತ್ತದೆ, ಮತ್ತೆ ಮತ್ತೆ ಗೇರ್ ಇಳಿಸುತ್ತೀರಿ. ಎಂಜಿನ್ನಿನ ಶಕ್ತಿ ಅಷ್ಟೇ, ಸ್ಪ್ರಾಕೆಟ್ ಹಾಕಿದರೆ ಹುಟ್ಟುವುದಿಲ್ಲ. ನಾನು ಕಂಪನಿಯದ್ದೇ ಇಟ್ಟೆ. ನಿಮ್ಮದು 220, ನಿಮಗೆ ಅದರ ಅಗತ್ಯವೇ ಇಲ್ಲ.

ಗುಮ್ಮಟ 28:

ಗೋವಾಕ್ಕೆ ಹೊರಡುವವರು ಆಯಿಲ್ ನೋಡಿಕೊಳ್ಳಿ, 20ಡಬ್ಲ್ಯು-50. ಸಣ್ಣ ಎಂಜಿನ್ನಿನಲ್ಲಿ ಆಯಿಲ್ ಇರುವುದೇ ಒಂದು ಲೀಟರಿನ ಆಸುಪಾಸು. ಸ್ವಲ್ಪ ಕಡಿಮೆಯಾದರೂ ಪಾಲಿನಲ್ಲಿ ದೊಡ್ಡದು. ಮತ್ತೆ ಸೈಲೆನ್ಸರ್ ಪೈಪಿಗೆ ಬಟ್ಟೆಯ ಹಾಗೆ ಸುತ್ತುವ ಪಟ್ಟಿ ನಮ್ಮ ಕಡೆ ನಡೆಯುತ್ತದೆ. ಬೆಳಗಾವಿಯವರಿಗೆ ಬೇಡ, ಮಳೆ ನೀರು ಹೀರಿಕೊಂಡು ಒಳಗೊಳಗೇ ಪೈಪು ತುಕ್ಕು ಹಿಡಿಯುತ್ತದೆ.

ಜಾಂಬೋಟಿ ರಸ್ತೆ:

ಕಾಕಾ, ಆ ಸ್ವಿಂಗ್‌ಆರ್ಮ್ ಕ್ಲ್ಯಾಂಪ್ ನನ್ನ 160ಕ್ಕೂ ಆಗುತ್ತದಾ? ನನಗೆ ಗಿಡ್ಡ ಮಡ್‌ಗಾರ್ಡ್ ಬೇಡ, ಉದ್ದದ್ದೇ ಟೈರಿಗೆ ಹತ್ತಿರ ಕೂರಬೇಕು. ಭಾನುವಾರ ತರಲಾ?

ಉದ್ಯಮಬಾಗ ಲೇತ್:

ಅಳತೆ ತಗೊಂಡು ಮಾಡಿದರೆ ಆಗುತ್ತದೆ ತಂಗಿ. 150ರ ಕ್ಲ್ಯಾಂಪೇ ಕೂರುತ್ತದೆ ಅಂತ ಈಗಲೇ ಹೇಳುವುದಿಲ್ಲ, ಪೈಪ್ ನೋಡಬೇಕು. ಭಾನುವಾರ ನಮಗೆ ರಜೆ. ಶನಿವಾರ ಮಧ್ಯಾಹ್ನದ ಒಳಗೆ ಬಾ. ಹಿಂದಿನ ಚಕ್ರ, ಸ್ವಿಂಗ್‌ಆರ್ಮ್ ತೊಳೆಸಿಕೊಂಡು ಬಾ, ರಾಡಿ ಮೇಲೆ ಅಳತೆ ಹಿಡಿಯಲು ಬರುವುದಿಲ್ಲ. ನವನಗರದವನೇ, ನೀನೂ ಬರುವುದಾದರೆ ಗಾಡಿಯ ಹಳೆ ಶಾಕಪ್ ಬಿಚ್ಚದೇ ಹಾಗೇ ತಗೊಂಡು ಬಾ.